ಮುಷ್ಟಿಯಲ್ಲಿ ಉಳಿದ ಬರ್ಫಿ

ನಾಗಪುರದ ನಮ್ಮ ಎಂಬಿಎ ಕಾಲೇಜಿಗೆ ಶನಿವಾರ ಪಾಠ ಹೇಳಲು ಬರುತ್ತಿದ್ದ ಸರ್, ಬ್ಯಾಂಕೊಂದರಲ್ಲಿ ಸಾಲ ಮಂಜೂರು ಮಾಡುವ ಅಧಿಕಾರಿ. ಧಾರವಾಡದ ಕಡೆಯವರು; ಆ ತರಗತಿಯಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬನಿಗೇ. ಯಾರು ಯಾವ ಯೋಜನೆ ಒಪ್ಪಿಸಿದರೂ ಕನ್ನಡಕ ತೆಗೆದು, "ಡರ್ ಕಹಾಂ ಹೈ?" ಎನ್ನುತ್ತಿದ್ದರು. ಈ ಧಂದೆಯಲ್ಲಿ ನಿನಗೆ ಹೆದರಿಕೆ ಎಲ್ಲಿದೆ, ಹೇಳು. ಎಲ್ಲೂ ಇಲ್ಲ ಎಂದವರನ್ನು ಅಲ್ಲೇ ಕೂರಿಸಿಬಿಡುತ್ತಿದ್ದರು. ಅವರ ಕೈ ಕನ್ನಡಕದತ್ತ ಹೋದರೆ ಸಾಕು, ನಾನು ನನ್ನ ಯೋಜನೆಯ ಹಾಳೆಗಳನ್ನು ಚೀಲಕ್ಕೆ ಸೇರಿಸಿಬಿಡುತ್ತಿದ್ದೆ.

ಒಮ್ಮೆ ನಮ್ಮನ್ನು ಕಳಮೇಶ್ವರದ ಕಾರ್ಖಾನೆಯೊಂದಕ್ಕೆ ಕರೆದೊಯ್ದರು. ಮಾಲೀಕ ಬ್ಯಾಂಕ್ ಸಾಲದಲ್ಲಿ ತರಿಸಲಿರುವ ಹೊಸ ಯಂತ್ರ ಕೂರಿಸುವ ಜಾಗ ತೋರಿಸಿ, ಎಲ್ಲರಿಗೂ ಕಿತ್ತಳೆಯ ಸಂತ್ರಾ ಬರ್ಫಿ ಹಂಚಿದ. ನಮ್ಮಲ್ಲೊಬ್ಬಳು ಸರ್ ಕೇಳುವ ಪ್ರಶ್ನೆಯನ್ನೇ ಅವನಿಗೆ ಕೇಳಿದಳು.

"ಡರ್? ಮುಝೇ ಕಾಹೇ ಕಾ ಡರ್!" ಆತ ಹೊಟ್ಟೆ ಕುಲುಕಿಸಿ ನಕ್ಕ. "ಡೂಬೇಗಾ ತೋ ಬ್ಯಾಂಕ್ ಕಾ ಡೂಬೇಗಾ!"

ಮುಳುಗಿದರೆ ಮುಳುಗುವುದು ಬ್ಯಾಂಕಿನ ದುಡ್ಡು, ತನಗೇನು ಹೆದರಿಕೆ ಅಂತ. ನಾವೂ ನಕ್ಕೆವು. ಸರ್ ನಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದೆ. ಬರ್ಫಿ ಇನ್ನೂ ಅವರ ಮುಷ್ಟಿಯಲ್ಲೇ ಪುಡಿಯಾಗುತ್ತಿತ್ತು. ಮೆಲ್ಲಗೆ ಕನ್ನಡದಲ್ಲಿ ಕೇಳಿದೆ, "ಇಂಥವರಿಗೆ ಸಾಲ ಕೊಡಬಾರದಲ್ಲೇನ್ರಿ, ಸರ್?"

ಅವರು ಕನ್ನಡಕ ತೆಗೆದರು.

"ಇವನ ಸಾಲಕ್ಕ ನಿನ್ನೆನ ಸಹಿ ಹಾಕೇನಿ, ತಮ್ಮಾ."

ಸರ್ ಏನಂದರೆಂದು ತಿಳಿಯದೆ ಹಿಂದಿನ ಸೀಟಿನವರು ನನ್ನ ಭುಜ ತಟ್ಟಿದರು. "ಸರ್ ಕ್ಯಾ ಬೋಲೇ?"

"ಕುಛ್ ನಹೀಂ," ಎಂದೆ. ಏನೂ ಇಲ್ಲ.