ಮಡ್‌ಗಾರ್ಡ್ ಮೇಲಿನ ಸ್ಪೀಕರು

ದೊಡ್ಡಉಳ್ಳಾರ್ತಿ ಹತ್ತಿರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ನನಗೆ ಕೆಲಸದ ಸಂದರ್ಶನವಿತ್ತು. ದಾರಿಯುದ್ದಕ್ಕೂ ಕೇಳಿಕೊಂಡು ಹೋಗಲೆಂದು ನನ್ನ ಉತ್ತರಗಳನ್ನು ಇಂಗ್ಲಿಷಿನಲ್ಲಿ ಪುಟ್ಟ ಮ್ಯೂಸಿಕ್ ಪ್ಲೇಯರಿಗೆ ರೆಕಾರ್ಡ್ ಮಾಡಿಕೊಂಡಿದ್ದೆ. ಆದರೆ ಮಾವನ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಕ್ಯಾಸೆಟ್ ಮಾತ್ರ ಓಡುತ್ತಿತ್ತು. ಚಳ್ಳಕೆರೆಯಲ್ಲಿ ಟ್ರ್ಯಾಕ್ಟರುಗಳಿಗೆ ಸೌಂಡ್ ಸಿಸ್ಟಮ್ ಕೂರಿಸುವ ತಿಪ್ಪೇಸ್ವಾಮಿಯವರಿಗೆ ಕಾರು, ಪ್ಲೇಯರು ಎರಡನ್ನೂ ಕೊಟ್ಟು, ಕಾರಿನಲ್ಲಿ ಅದು ಕೇಳುವಂತೆ ಮಾಡಿಕೊಡಿ ಎಂದೆ.

ಸಂದರ್ಶನದ ದಿನ ಬೆಳಗ್ಗೆ ಹೋದರೆ, ಟ್ರ್ಯಾಕ್ಟರಿನಲ್ಲಿರುವ ಹಾಗೇ ಎರಡೂ ಮಡ್‌ಗಾರ್ಡಿನ ಮೇಲೆ ದೊಡ್ಡ ಸ್ಪೀಕರುಗಳು ರಸ್ತೆಗೆ ಮುಖಮಾಡಿ ಕೂತಿದ್ದವು.

“ಒಳಗೆ ಇಡಬೇಕಿತ್ತಲ್ವಾ?” ಎಂದೆ ಮೆಲ್ಲಗೆ.

“ಒಳಗಿಟ್ರೆ ಯಾರಿಗ್ ಕೇಳ್ತೈತವ್ವ, ನಿನಗೊಬ್ಬಳಿಗೇ! ಕೀ ತಿರುವಿದ್ರೆ ಸಾಕು, ತಾನೇ ಶುರುವಾಗ್ತೈತೆ. ಕಾರು ಆಫ್ ಮಾಡಿದ್ರೇನೇ ನಿಲ್ಲೋದು.”

ಬಿಚ್ಚಿಸಲು ಹೊತ್ತಿರಲಿಲ್ಲ. ಕೀ ತಿರುಗಿಸಿದೆ. ನನ್ನ ಹೆಸರು, ಊರು, ಓದು ಬಸ್ ಸ್ಟ್ಯಾಂಡಿನ ತನಕ ಮೊಳಗಿದವು. ಹೂ ಮಾರುವ ಅಜ್ಜಿ ಎದ್ದು ಬಂದಳು.

“ಯಾವ ಎಲೆಕ್ಷನ್ನಿಗೆ ನಿಂತಿದೀಯವ್ವ?”

ಜನರೆದುರು ಮಾತಾಡಲು ಸಂಕೋಚಪಡುವುದೇ ನನ್ನ ದೌರ್ಬಲ್ಯವೆಂದು ಹುಲ್ಲುಗಾವಲಿನ ಕುರಿಗಳಿಗೆಲ್ಲ ಸಾರುತ್ತಾ ಕ್ಯಾಂಪಸ್ ತಲುಪಿದೆ. ಗೇಟಿನ ವಾಚ್‌ಮನ್ ರಿಜಿಸ್ಟರಿನಲ್ಲಿ ನನ್ನ ಹೆಸರು, ಊರು ಆಗಲೇ ಬರೆದಿಟ್ಟಿದ್ದ.

ಒಳಗೆ ಮೂವರು ಕೂತಿದ್ದರು. ಅಷ್ಟು ಅಭ್ಯಾಸ ಮಾಡಿದ್ದ “ನಿಮ್ಮ ಬಗ್ಗೆ ಹೇಳಿ” ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.