ಅಕ್ಕನ ಕಡೆಯಿಂದ

ಮೂವತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು ನಿವೃತ್ತಿಯಾದ ಮೇಲೆ ಹಾಯಾಗಿ ಕೂರಬೇಕಿತ್ತು. ಕೂರಲಿಲ್ಲ, ಕಥೆ ಬರೆಯಲು ಹೊರಟಳು. ಅದೂ ಒಂದೇ ಕಥೆ. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಪಕ್ಕದಲ್ಲೇ ಇದ್ದ ಅಕ್ಕ, ಉಸಿರು ನಿಂತ ಮೇಲಷ್ಟೇ ತನಗೆ ಹೇಳಿಕಳಿಸಿದ ಕಥೆ. ಅಂದಿನಿಂದ ಹನ್ನೆರಡು ವರ್ಷ ಅಕ್ಕತಂಗಿಯರ ನಡುವೆ ಮಾತಿಲ್ಲ.

ಕೋರ್ಟಿನಲ್ಲಿ ಎಲ್ಲರ ಹೇಳಿಕೆಯೂ 'ನಾನು' ಎಂದೇ ಶುರು. ಇವಳೂ ಹಾಗೇ ಬರೆದಳು, ಸರಸರ ಬಂತು. ಲೈಬ್ರರಿಯ ಮೇಡಂಗೆ ತೋರಿಸಿದಳು.

"ಇದು ಕಥೆಯಲ್ಲ ಕಣ್ರೀ, ದೂರು," ಅಂದರು ಆಕೆ. "ನಿಮ್ಮಕ್ಕ ಎಲ್ಲೂ ಬಾಯೇ ಬಿಡಲ್ಲ."

ಮೈಯೆಲ್ಲ ಉರಿಯಿತು. ಎರಡು ದಿನ ಲೈಬ್ರರಿ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ 'ನಾನು' ಹೊಡೆದುಹಾಕಿ 'ಅವಳು' ಎಂದು ಬರೆದಳು. ಏನು ಬದಲಾಯಿತು? ಅವಳೂ ಇವಳೇ, ಬಟ್ಟೆ ಮಾತ್ರ ಬೇರೆ. ಕೊನೆಗೆ ಹಲ್ಲು ಕಚ್ಚಿ ಅಕ್ಕನ ಕಡೆಯಿಂದ ಬರೆಯಲು ಕೂತಳು.

ಆ ದಿನ ಬೆಳಿಗ್ಗೆ ಹತ್ತರವರೆಗೆ ತಾನೂ ಆಸ್ಪತ್ರೆಯಲ್ಲಿದ್ದಳಲ್ಲ, ಅಷ್ಟನ್ನು ಬರೆದಳು. ಆಮೇಲೆ ಆ ಕೋಣೆಯಲ್ಲಿ ಅಕ್ಕ ಏನು ಮಾಡಿದಳು? ಪೆನ್ನು ನಿಂತಿತು. ಬೇರೆಯವರಾಗಿದ್ದರೆ ಏನೋ ಒಂದು ಕಟ್ಟುತ್ತಿದ್ದರು. ಇವಳೋ, ಸಾಕ್ಷಿ ಆಡದ ಒಂದು ಮಾತನ್ನೂ ಟೈಪ್ ಮಾಡಿದವಳಲ್ಲ. ಕಾಗದ ಮಡಚಿ ಚೀಲಕ್ಕೆ ತುರುಕಿ ಅಕ್ಕನ ಮನೆಗೇ ಹೊರಟಳು.

ಬಾಗಿಲು ತೆರೆದ ಅಕ್ಕ ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಜಗಳಕ್ಕೆ ಬಂದಿಲ್ಲ ಕಣೇ ಅಕ್ಕ. ಅವತ್ತು ನಾನು ಹೋದ್ಮೇಲೆ ನೀನೇನು ಮಾಡ್ತಿದ್ದೆ, ಹೇಳು. ಬರೀಬೇಕು."

ಚೀಲದಿಂದ ಕಾಗದ ತೆಗೆದು ಚಾಚಿದಳು. ಅಕ್ಕ ಅದನ್ನು ಬರಹ ನಿಂತ ಸಾಲಿನವರೆಗೂ ಓದಿದಳು.

"ನಿದ್ದೆ ಮಾಡ್ತಿದ್ದೆ. ಕುರ್ಚಿಯಲ್ಲೇ ಕಣ್ಣು ಹತ್ತಿಬಿಡ್ತು. ನರ್ಸ್ ಬಂದು ಎಬ್ಬಿಸೋ ಹೊತ್ತಿಗೆ ಅಮ್ಮ ಹೋಗಿಬಿಟ್ಟಿದ್ಲು. ಬೇಕೂಂತ್ಲೇ ಹೇಳಲಿಲ್ಲ ಅಂತ ನೀನು ಬೈದೆ, ಬೈಸಿಕೊಂಡೆ. ಇದನ್ನ ಹೇಳೋದಕ್ಕಿಂತ ಅದೇ ವಾಸಿ ಅನ್ನಿಸ್ತು."

ತಂಗಿ ಹನ್ನೆರಡು ವರ್ಷ ಹೊತ್ತ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ನಾಚಿ ನಿಂತಳು. ಆದರೂ ಪೆನ್ನು ತೆಗೆದಳು.

"ಇದನ್ನೂ ಬರೀತೀಯಾ?" ಅಕ್ಕ ಕೇಳಿದಳು.

"ಬರೀತೀನಿ. ಅವತ್ತಿಗೆ ಮುಂಚೆ ಎಷ್ಟು ರಾತ್ರಿ ಎಚ್ಚರ ಇದ್ದೆ, ಅದನ್ನ ಹೇಳು."

"ಒಂಬತ್ತು."

ಆ ಒಂಬತ್ತು ರಾತ್ರಿಯೂ ತಂಗಿ, ಬೆಳಗಾದರೆ ಕೋರ್ಟಿದೆ ಎಂದು ಮನೆಗೆ ಹೋಗಿ ಮಲಗಿದ್ದಳು.

"ಹಾಗಾದ್ರೆ ಕಥೆ ಅಲ್ಲಿಂದ್ಲೇ ಶುರುವಾಗ್ಬೇಕು," ಎಂದು ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. "ಮೊದಲನೇ ರಾತ್ರಿಯಿಂದ ಹೇಳು."