ಒಂದು ಬೆರಳಿನ ನಮಸ್ಕಾರ

ನಮ್ಮ ಕಡೆ ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಸ್ಟಿಯರಿಂಗ್ ಮೇಲಿನ ತೋರುಬೆರಳನ್ನು ಎತ್ತಬೇಕು. ಒಂದೇ ಬೆರಳು. ಎರಡು ಎತ್ತಿದರೆ ಪಟ್ಟಣದವನು. ಇಡೀ ಕೈ ಬೀಸಿದರೆ ಚುನಾವಣೆಗೆ ನಿಂತವನು. ಏನೂ ಎತ್ತದೆ ಹೋದವನ ಬಗ್ಗೆ ಮೂರು ತಲೆಮಾರು ಮಾತಾಡಿಕೊಳ್ಳುತ್ತದೆ. ಆದರೆ ದಾರಿಯಲ್ಲಿ ಕೆಟ್ಟು ನಿಂತ ಗಾಡಿ ಕಂಡರೆ ಬೆರಳು ಸಾಲದು. ನಿಲ್ಲಿಸಿ, ಇಳಿದು, "ಎಲ್ಲ ಸರಿಯಾ?" ಎಂದು ಕೇಳಬೇಕು. ದಕ್ಷಿಣ ಆಸ್ಟ್ರೇಲಿಯಾದ ಈ ಮರಳುಗಾಡಿನಲ್ಲಿ ಕಾನೂನು ಎಂದು ಇರುವುದು ಇವೆರಡೇ. ಮಿಕ್ಕಿದ್ದೆಲ್ಲ ಪೊಲೀಸರ ಹವ್ಯಾಸ.

ಇವೆರಡು ಕಾನೂನುಗಳ ಚಕ್ರವರ್ತಿ ಮರ್ವ್ ಕೆಸೆಲ್. ಅವನ ರಥ ಒಂದು ಹಳೆಯ ಟಪಾಲು ಲಾರಿ; ಸಾಮ್ರಾಜ್ಯ ಇನ್ನೂರ ಹತ್ತು ಮೈಲಿ ಉದ್ದದ ಧೂಳು; ಪ್ರಜೆಗಳು ಏಳು ದನದ ಫಾರಂಗಳಲ್ಲಿ ಚದುರಿದ ಐವತ್ತೆಂಟು ಜನ. ಮಂಗಳವಾರ ಹೊರಟು ಬುಧವಾರ ವಾಪಸ್, ಇಪ್ಪತ್ತಾರು ವರ್ಷ. ಕಾಗದ, ಹಿಟ್ಟು, ಟಯರು, ಔಷಧಿ ಎಲ್ಲ ಅವನೇ ತರಬೇಕು. ಒಮ್ಮೆ ಒಬ್ಬ ಮದುಮಗಳ ಬಿಳಿ ಉಡುಪಿಗೆ ಧೂಳು ಮೆತ್ತಬಾರದೆಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಾರಿ ಕಿಟಕಿ ಮುಚ್ಚಿ ಓಡಿಸಿದ್ದ. ಉಡುಪು ಬೆಳ್ಳಗೇ ತಲುಪಿತು. ಮರ್ವ್ ಬೆಂದು ತಲುಪಿದ.

ಅವನು ಎಂಥವನೆಂದು ತಿಳಿಯಲು ಒಂದು ಸಂಗತಿ ಸಾಕು. ವಯಸ್ಸು ಮೂವತ್ತರ ಆಸುಪಾಸಿನಲ್ಲಿದ್ದಾಗ ಕೊನೆಯ ಫಾರಂನ ಅಡುಗೆಯವಳಾದ ಎಡ್ನಾಳಿಗೆ ಮದುವೆಯಾಗುತ್ತೀಯಾ ಎಂದು ಕಾಗದ ಬರೆದ. ಸ್ಟಾಂಪ್ ಅಂಟಿಸಿದ. ತಾನೇ ಒಯ್ದು, ಒಂದು ಮಾತೂ ಆಡದೆ, ಮಿಕ್ಕ ಟಪಾಲಿನ ಜೊತೆ ಕೊಟ್ಟ. ಮರುದಿನ ಬೆಳಿಗ್ಗೆ ಎಡ್ನಾ ಅವನ ಹೆಸರಿಗೇ ಬರೆದ ಉತ್ತರವನ್ನು ಚೀಲಕ್ಕೆ ಹಾಕಿದಳು. ಇನ್ನೂರ ಹತ್ತು ಮೈಲಿ ಆ ಕಾಗದ ಬೆನ್ನ ಹಿಂದೆಯೇ ಇತ್ತು; ಅವನು ಚೀಲದ ಗಂಟು ಮುಟ್ಟಲಿಲ್ಲ. ಅಂಚೆ ಕಚೇರಿಯ ಮುದ್ರೆ ಬೀಳದ ಕಾಗದವನ್ನು ಯಾರೂ ಒಡೆಯುವಂತಿಲ್ಲ. ಮುದ್ರೆ ಬಿದ್ದ ಮೇಲೆ ಒಡೆದು ಓದಿದ. ಆಗುವುದಿಲ್ಲ ಎಂದಿತ್ತು. ಮುಂದಿನ ಮಂಗಳವಾರ ಎಂದಿನಂತೆ ಅವಳ ಹಿಟ್ಟು ತಲುಪಿಸಿದ. ಎಡ್ನಾ ಫಾರಂನ ಮ್ಯಾನೇಜರನನ್ನು ಮದುವೆಯಾದಳು, ವಿಧವೆಯಾದಳು, ಅಲ್ಲೇ ಉಳಿದಳು. ಜೊತೆಗೆ ಮೇಜರ್ ಎಂಬ ಮುದಿ ನಾಯಿ.

ಆ ವರ್ಷ ಜನವರಿಯಲ್ಲಿ, ಅಂದರೆ ಇಲ್ಲಿಯ ಕಡುಬೇಸಿಗೆಯಲ್ಲಿ, ಎಡ್ನಾಳ ದನಿ ರೇಡಿಯೋದಲ್ಲಿ ಕೇಳಿಸಿತು. ಇಲ್ಲಿ ಬೆಳಿಗ್ಗೆ ಏಳಕ್ಕೆ ಎಲ್ಲ ಫಾರಂಗಳೂ ರೇಡಿಯೋ ಮುಂದೆ ಕೂತು ಹರಟೆ ಹೊಡೆಯುತ್ತವೆ. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ.

"ನಮ್ಮ ಮರ್ವ್ ಬಹಳ ಮರ್ಯಾದಸ್ಥ ಕಣ್ರಪ್ಪ," ಎಂದಳು. "ನಿನ್ನೆ ಗಾಡಿ ಪೈಪ್ ಒಡೆದು ನಿಂತ್ಬಿಡ್ತು. ಎಣ್ಣೆ ಸೋರ್ತು, ಕುಡಿಯೋಕೆ ಇದ್ದ ನೀರೆಲ್ಲ ರೇಡಿಯೇಟರ್ ಕುಡೀತು. ಮರ್ವ್ ವಾಪಸ್ ಹೋಗ್ತಿದ್ದ. ನಾನು ರಸ್ತೆ ಪಕ್ಕ ನಿಂತು ಎರಡೂ ಕೈ ಆಡಿಸ್ದೆ. ಬಂದ, ಬೆರಳೆತ್ತಿದ, ಹೋದ. ಇನ್ನೊಂದು ಗಾಡಿ ಬರೋಕೆ ಆರು ತಾಸಾಯ್ತು. ನಾನು ಉಳ್ಕೊಂಡೆ. ಮೇಜರ್ ಉಳೀಲಿಲ್ಲ."

ಆಮೇಲೆ ಯಾರೋ ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದರು. ಇನ್ಯಾರೋ ಹಿಂದಿನ ಸಂಜೆಯ ಬಿಯರ್ ಇಳಿದಿರಲಿಕ್ಕಿಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ಐವತ್ತೆಂಟು ಪ್ರಜೆಗಳೂ ಸೇರಿ ಚಕ್ರವರ್ತಿಗೆ ನಾಲ್ಕು ನೆಪ ಹೊಲಿದು ಇಸ್ತ್ರಿ ಮಾಡಿ ಇಟ್ಟಿದ್ದರು. ಅವನು ಒಂದನ್ನೂ ತೊಡಲಿಲ್ಲ.

ನನ್ನದು ಊರಿನ ಪೆಟ್ರೋಲ್ ಪಂಪು, ಟಯರ್ ಅಂಗಡಿ. ಮುಂದಿನ ಮಂಗಳವಾರ ಯಾರೂ ಕೇಳದ ಒಂದು ಟಯರನ್ನು ಲಾರಿಗೆ ಹಾಕಿ ನಾನೂ ಹತ್ತಿದೆ.

"ಇದನ್ನ ನಾನೇ ಕೂರಿಸ್ಕೊಡ್ಬೇಕು," ಎಂದೆ.

"ಯಾಕೆ ಮಾರಾಯ, ಟಯರಿಗೆ ಒಂಟಿಯಾಗಿ ಹೋಗೋಕೆ ಹೆದ್ರಿಕೆನಾ?" ಎಂದ ಮರ್ವ್.

ಮೊದಲ ಮೂವತ್ತು ಮೈಲಿ ಗಾಡಿ ನೆಟ್ಟಗೆ ಹೋಯಿತು. ಆಮೇಲೆ ಮೊದಲ ಫಾರಂನ ಗೇಟು ಬಂತು. ಅಲ್ಲಿ ಟಪಾಲು ಹಾಕಲು ಒಂದು ಹಳೆಯ ಫ್ರಿಜ್ ನಿಲ್ಲಿಸಿದ್ದಾರೆ. ಮರ್ವ್ ಅದಕ್ಕೆ ಗಂಭೀರವಾಗಿ ಬೆರಳೆತ್ತಿದ. ನಾನು ಕಿಟಕಿಗೆ ಮುಖ ತಿರುಗಿಸಿ ನಕ್ಕೆ. ಮುಂದೆ ಒಂದು ನೀರಿನ ತೊಟ್ಟಿಗೆ ಎತ್ತಿದ. ಆಗಲೂ ನಕ್ಕೆ. ಮೂರನೆಯದು, ಬಿರುಗಾಳಿಗೆ ಮುರಿದ ಮರದ ಬೊಡ್ಡೆ. ಆಗ ನಗು ಬರಲಿಲ್ಲ.

"ಎಷ್ಟು ದಿನದಿಂದ ಮರ್ವ್?"

"ಏನು ಎಷ್ಟು ದಿನದಿಂದ?"

"ಈಗಷ್ಟೇ ಒಂದು ಬೊಡ್ಡೆಗೆ ನಮಸ್ಕಾರ ಮಾಡ್ದೆ."

ಅವನು ಗೇರ್ ಬದಲಿಸಿದ. "ಎರಡು ವರ್ಷ. ಕಣ್ಣ ನಡುವೆ ಹೊಗೆ ತುಂಬ್ಕೊಂಡ ಹಾಗೆ. ಅಂಚು ಮಾತ್ರ ಕಾಣತ್ತೆ. ರಸ್ತೆನ ಟಯರೇ ಹೇಳತ್ತೆ. ಎದುರಿಗೆ ಕಪ್ಪಗೆ ಏನು ಬಂದ್ರೂ ಬೆರಳೆತ್ತಿಬಿಡ್ತೀನಿ. ಯಾರನ್ನಾದ್ರೂ ಬಿಟ್ಟೆ ಅಂತ ಆಗ್ಬಾರ್ದಲ್ಲ."

ಟಪಾಲಿನ ಕೆಲಸ ಹೋದರೆ ಅಂಚೆ ಕಚೇರಿಯ ಹಿಂದಿನ ಅವನ ಕೋಣೆಯೂ ಹೋಗುತ್ತದೆಂದು ನನಗೆ ಗೊತ್ತಿತ್ತು. ಮಿಕ್ಕಿರುವುದು ಅಡಿಲೇಡಿನಲ್ಲಿ ತಂಗಿಯ ಮನೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಲ್ಲಿ ಯಾರಿಗೆಂದು ಬೆರಳೆತ್ತುತ್ತಾನೆ?

"ಬಿಸಿಲು ಕಣ್ಣಿಗೆ ಹೊಡೀತು ಅಂದ್ಬಿಡು," ಎಂದೆ. "ಎಲ್ಲ ನಂಬೋಕೆ ತಯಾರಾಗಿದಾರೆ. ವಾರವಾರ ನಾನು ಜೊತೆಗೆ ಬರ್ತೀನಿ. ಕಣ್ಣು ನಂದು, ಕೈ ನಿಂದು. ಲಾರಿ ನಿನ್ನ ಹತ್ರನೇ ಇರತ್ತೆ."

ಅವನು ಮುಂದಿನ ಗೇಟಿನಲ್ಲಿ ಇಳಿದು ಟಪಾಲು ಹಾಕಿ ಬಂದ. ಕೊನೆಗೆ, "ಎಡ್ನಾ ಮನೆ ತನಕ ಕಣ್ಣು ಕೊಡು. ಆಮೇಲೆ ನೋಡೋಣ," ಎಂದ. ಅಲ್ಲಿಯವರೆಗೆ ನಾನು ಎದುರಿನ ರಸ್ತೆಯನ್ನು ಸಣ್ಣ ದನಿಯಲ್ಲಿ ಓದಿ ಹೇಳುತ್ತಾ ಹೋದೆ. ಅವನು ಒಂದು ಸಲವೂ ತಪ್ಪು ಕಡೆ ತಿರುಗಿಸಲಿಲ್ಲ.

ಎಡ್ನಾ ಜಗಲಿಯಲ್ಲಿ ಟೀ, ಕೇಕು ಇಟ್ಟಳು. ಮೆಟ್ಟಿಲ ಬಳಿ ನಾಯಿಯ ತಟ್ಟೆ ಬೋರಲು ಬಿದ್ದಿತ್ತು. ಟೀ ಬಗ್ಗಿಸುತ್ತಾ ಅವಳೇ ಶುರು ಮಾಡಿದಳು.

"ಬಿಸಿಲು ಕಣ್ಣಿಗೆ ಬಿದ್ದಿತ್ತು ಅಂತಾರೆ ಎಲ್ರೂ. ಹಾಗೇ ಇರ್ಲಿ ಬಿಡು ಮರ್ವ್."

"ಬಿಸಿಲು ಬೆನ್ನಿಗಿತ್ತು ಎಡ್ನಾ. ನೀನು ಹೆಂಗಸೋ ಕಂಬವೋ ನನಗೆ ಗೊತ್ತಾಗ್ಲಿಲ್ಲ. ಎರಡು ವರ್ಷದಿಂದ ಯಾರ ಮುಖನೂ ಗೊತ್ತಾಗಲ್ಲ."

ಅವಳು ಕೆಟಲ್ ಕೆಳಗಿಟ್ಟಳು. "ನನ್ನ ಮುಖ?"

"ಇಲ್ಲ."

"ಹಾಗಾದ್ರೆ ನಿನ್ನ ಲೆಕ್ಕದಲ್ಲಿ ನಾನಿನ್ನೂ ಎರಡು ವರ್ಷ ಚಿಕ್ಕವಳು," ಎಂದಳು. ಮರ್ವ್ ನಗಲು ಹೊರಟ. ಅಷ್ಟರಲ್ಲಿ ಅವಳು ಅದೇ ದನಿಯಲ್ಲಿ ಹೇಳಿದಳು: "ಮೇಜರ್ ನಿನ್ನ ಲಾರಿ ಸದ್ದು ಕೇಳಿ ಎದ್ದು ನಿಂತಿದ್ದ. ಬಾಲ ಆಡಿಸ್ತಿದ್ದ."

ಯಾರೂ ಕೇಕು ಮುಟ್ಟಲಿಲ್ಲ. ಮರ್ವ್ ಜೇಬಿನಿಂದ ಲಾರಿಯ ಕೀಲಿ ತೆಗೆದು, ಮೇಜಿನ ಮೇಲೆ ತಡಕಿ, ನನ್ನ ಬಟ್ಟಲಿನ ಪಕ್ಕ ಇಟ್ಟ.

ಮರುದಿನ ಏಳು ಗಂಟೆಗೆ ಎಡ್ನಾಳ ರೇಡಿಯೋ ಮುಂದೆ ಅವನೇ ಕೂತ. "ಮರ್ವ್ ಮಾತಾಡ್ತಿರೋದು. ಬಿಸಿಲೂ ಅಲ್ಲ, ಬಿಯರೂ ಅಲ್ಲ. ಕಣ್ಣು ಹೋಗಿದೆ. ಟಪಾಲಿಗೆ ಬೇರೆಯವರನ್ನ ನೋಡ್ಕೊಳ್ಳಿ."

ವಾಪಸ್ ಬರುವಾಗ ನಾನು ಓಡಿಸಿದೆ. ಬೆರಳೆತ್ತುವುದು ಓಡಿಸುವವನ ಹಕ್ಕು. ಪಕ್ಕದಲ್ಲಿ ಕೂತವನು ಎತ್ತುವಂತಿಲ್ಲ. ಮರ್ವ್‌ನ ಕೈಗಳು ಮೊಣಕಾಲ ಮೇಲೆ ಬಿದ್ದಿದ್ದವು. ಎರಡು ಗಾಡಿ ಎದುರಾದವು. ಎರಡು ಸಲವೂ "ಯಾರು?" ಎಂದು ಕೇಳಿದ, ನಾನು ಹೇಳಿದೆ.

ದನ ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳ ಮೇಲೆ ಲಾರಿ ನಾಲ್ಕನೆಯ ಸಲ ಗಡಗಡ ಎಂದಾಗ, "ಇನ್ನರ್ಧ ಮೈಲಿ. ಅಲ್ಲಿ ನಿಲ್ಸು," ಎಂದ.

ನಿಲ್ಲಿಸಿದೆ. ರಸ್ತೆ ಪಕ್ಕ ಎಡ್ನಾಳ ಗಾಡಿ ಸುರಿಸಿದ ಎಣ್ಣೆಯ ಕಪ್ಪು ಕಲೆ ಇನ್ನೂ ಇತ್ತು. ಮರ್ವ್ ಇಳಿದ. ಟೊಪ್ಪಿಗೆ ಸರಿ ಮಾಡಿಕೊಂಡು ನಾಲ್ಕು ಹೆಜ್ಜೆ ನಡೆದ.

"ಎಲ್ಲ ಸರಿಯಾ?" ಎಂದು ಕೇಳಿದ.

ಉತ್ತರಕ್ಕೆ ಕಾಯುವವರು ಕಾಯುವಂತೆ, ತಲೆ ಸ್ವಲ್ಪ ಓರೆ ಮಾಡಿ ಬಹಳ ಹೊತ್ತು ನಿಂತಿದ್ದ. ಆಮೇಲೆ ತಿರುಗಿ, ಅಭ್ಯಾಸದಂತೆ ಡ್ರೈವರ್ ಬಾಗಿಲಿಗೆ ಬಂದು ತೆರೆದ. ಅವನ ಕೈ ನನ್ನ ತೋಳಿಗೆ ತಾಗಿತು. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಕಾದ ಬಾನೆಟ್ಟಿನ ಮೇಲೆ ಅಂಗೈ ಸವರುತ್ತಾ, ಸುತ್ತಿಕೊಂಡು ಆ ಕಡೆಗೆ ಹೋದ.